ಸಾಲದ ತುಪ್ಪ ಯಾರ ಎಲೆಯ ಮೇಲೆ?

ಚಾರ್ವಾಕರ ಹೆಸರು ಬಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಒಂದೇ ಸಂಗತಿ: ಅವರು ಸಾಲ ಮಾಡಿ ತುಪ್ಪ ಉಣ್ಣಲು ಹೇಳಿದವರು ಎಂಬುದು. ಬೀದರಿನಲ್ಲಿ ಯಾರಾದರೂ ನನ್ನ ಪಿಎಚ್.ಡಿ. ವಿಷಯ ಕೇಳಿದಾಗ ‘ಪ್ರಾಚೀನ ಭಾರತದ ಭೌತವಾದ’ ಎನ್ನುತ್ತೇನೆ. ಚಹಾ ಅಂಗಡಿಯಾಗಲಿ, ವಿಚಾರ ಸಂಕಿರಣವಾಗಲಿ, ಬರುವ ಮಾತು ಇದೇ: ‘ಅವ್ರೇ ಅಲ್ರೀ, ಸಾಲದ ತುಪ್ಪದವ್ರು?’ ಎಲ್ಲರೂ ನಗುತ್ತಾರೆ.

ಆ ನಗುವಿನಲ್ಲಿ ಸೇರಿಕೊಳ್ಳಲು ನನಗೆ ಆಗುವುದಿಲ್ಲ. ನಮ್ಮೂರು ಔರಾದ ತಾಲ್ಲೂಕಿನಲ್ಲಿದೆ. ಮುತ್ಯಾ ತೀರಿಕೊಂಡಾಗ ನಾನು ಏಳನೆಯ ಕ್ಲಾಸಿನಲ್ಲಿದ್ದೆ. ಹದಿಮೂರನೆಯ ದಿನದ ಊಟಕ್ಕೆ ಅಪ್ಪ ಬಡ್ಡಿಗೆ ಹಣ ತಂದರು. ಗೋಧಿ ಹುಗ್ಗಿ, ಅದರ ಮೇಲೆ ತುಪ್ಪ. ಊರಿಗೆ ಊರೇ ಬಂದು ಉಂಡಿತು. ಆ ಸಾಲ ಪೂರ್ತಿ ತೀರಿದ್ದು ನಾನು ಎಂ.ಎ. ಮುಗಿಸುವ ಹೊತ್ತಿಗೆ. ಅಷ್ಟರಲ್ಲಿ ಎಷ್ಟೋ ವರ್ಷದ ತೊಗರಿ ನಮ್ಮ ಮನೆಗೆ ಬರದೆ ಹೊಲದಿಂದಲೇ ಸಾವಕಾರನ ಲೆಕ್ಕಕ್ಕೆ ಹೋಗಿತ್ತು. ಮುಂದೆ ಚಾರ್ವಾಕರನ್ನು ಓದಲು ಕೂತಾಗ ನನ್ನ ಮುಂದಿದ್ದ ಪ್ರಶ್ನೆ ಬಹಳ ಸರಳವಾಗಿತ್ತು. ಸಾಲ ಮಾಡಿ ತುಪ್ಪ ಬಡಿಸಿದವರು ನಾವು, ಪರಲೋಕವನ್ನು ನಂಬಿದವರು. ಹಾಗಿದ್ದರೆ ಆ ಅಪವಾದ ಪರಲೋಕವನ್ನು ನಂಬದವರ ತಲೆಗೆ ಹೇಗೆ ಬಂತು?

ಲೋಕಾಯತರ ಮೂಲಗ್ರಂಥ ಇಡಿಯಾಗಿ ಉಳಿದಿಲ್ಲ. ಅವರನ್ನು ನಾವು ತಿಳಿಯುವುದು ಎದುರಾಳಿಗಳ ಬಾಯಿಂದ. ಎಲ್ಲರೂ ತೆರೆಯುವ ಪುಸ್ತಕ 14ನೆಯ ಶತಮಾನದ, ವಿಜಯನಗರ ಕಾಲದ ಮಾಧವನ ‘ಸರ್ವದರ್ಶನಸಂಗ್ರಹ’. ದರ್ಶನಗಳನ್ನು ಮೆಟ್ಟಿಲುಗಳಂತೆ ಜೋಡಿಸಿದ ಈ ಗ್ರಂಥದಲ್ಲಿ ಚಾರ್ವಾಕರದು ಮೊದಲ ಮೆಟ್ಟಿಲು. ಅಂದರೆ ದಾಟಿ ಹೋಗಲೆಂದೇ ಇಟ್ಟದ್ದು. ಆದರೂ ಮಾಧವ ಪ್ರಾಮಾಣಿಕ. ಲೋಕದ ಬಹುಪಾಲು ಜನ ನಡೆಯುವುದು ಈ ಮತದಂತೆಯೇ, ಲೋಕಾಯತ ಎಂಬ ಹೆಸರು ಅದಕ್ಕೆ ಒಪ್ಪುತ್ತದೆ ಎಂದು ಆರಂಭದಲ್ಲೇ ಒಪ್ಪಿಕೊಳ್ಳುತ್ತಾನೆ.

ಈ ಅಧ್ಯಾಯದ ಗಟ್ಟಿ ಭಾಗ ಇರುವುದು ನಡುವೆ. ಹೊಗೆ ಇದ್ದಲ್ಲಿ ಬೆಂಕಿ ಇದೆ ಎಂದು ಊಹಿಸುತ್ತೇವೆ. ಹೊಗೆ ಇರುವ ಎಲ್ಲ ಕಡೆ, ಎಲ್ಲ ಕಾಲದಲ್ಲೂ ಬೆಂಕಿ ಇರುತ್ತದೆ ಎಂಬುದು ಗೊತ್ತಾಗುವುದು ಹೇಗೆ? ಕಣ್ಣು ನೋಡುವುದು ಈ ಹೊತ್ತಿನ ಈ ಹೊಗೆಯನ್ನು ಮಾತ್ರ. ಇನ್ನೊಂದು ಅನುಮಾನದಿಂದ ಗೊತ್ತಾಗುತ್ತದೆ ಎಂದರೆ ಅದಕ್ಕೂ ಮತ್ತೊಂದು ಆಧಾರ ಬೇಕು. ಹೀಗೆ ಕೊನೆಯೇ ಇಲ್ಲ. ಇದು ತಿಂದು ಮಲಗುವವನ ಮಾತಲ್ಲ. ತರ್ಕದ ಬೇರಿಗೇ ಕೈಹಾಕುವ ಮಾತು. ವಿಚಿತ್ರವೆಂದರೆ ಈ ಪುಟಗಳು ಯಾರಿಗೂ ನೆನಪಿಲ್ಲ. ನೆನಪಿರುವುದು ತುಪ್ಪ.

ಆ ತುಪ್ಪವೂ ತಡವಾಗಿ ಬಂದದ್ದು. ಒಂದೇ ಶ್ಲೋಕ ಮಾಧವನ ಈ ಅಧ್ಯಾಯದಲ್ಲಿ ಎರಡು ರೂಪದಲ್ಲಿದೆ. ಆರಂಭದಲ್ಲಿ ಬರುವಾಗ ಅದರಲ್ಲಿ ಸಾಲವೂ ಇಲ್ಲ, ತುಪ್ಪವೂ ಇಲ್ಲ. ಬದುಕಿರುವಷ್ಟು ದಿನ ಸುಖವಾಗಿರಬೇಕು, ಸಾವಿನ ಕೈಗೆ ಸಿಗದವರು ಯಾರೂ ಇಲ್ಲ ಎಂಬುದಷ್ಟೇ ಅದರ ತಾತ್ಪರ್ಯ. ಅಧ್ಯಾಯದ ಕೊನೆಯಲ್ಲಿ ಮತ್ತೆ ಬರುವಾಗ ಸಾವು ಇದ್ದ ಜಾಗದಲ್ಲಿ ಸಾಲ, ತುಪ್ಪ ಬಂದು ಕೂತಿವೆ. ಮಾಧವನಿಗಿಂತ ಸುಮಾರು 500 ವರ್ಷ ಹಿಂದೆ ಕಾಶ್ಮೀರದ ಜಯಂತಭಟ್ಟ ‘ನ್ಯಾಯಮಂಜರಿ’ಯಲ್ಲಿ ಉದ್ಧರಿಸಿದ್ದು ಸಾವಿನ ಪಾಠವನ್ನೇ. ವಿದ್ವಾಂಸ ರಾಮಕೃಷ್ಣ ಭಟ್ಟಾಚಾರ್ಯ ಈ ಪಾಠಾಂತರಗಳನ್ನು ಕಾಲಕ್ರಮದಲ್ಲಿ ಇಟ್ಟು ತೋರಿಸಿದ್ದಾರೆ. ಸಾವಿನ ಬಗೆಗಿನ ಗಂಭೀರ ಮಾತೊಂದು ಹೊಟ್ಟೆಬಾಕನ ಮಾತಾಯಿತು.

ಎದುರಾಳಿಯ ಪುಸ್ತಕದಲ್ಲಿ ಉಳಿದ ವಿಚಾರವನ್ನು ಓದುವುದು ಹೇಗೆ? ನಮ್ಮ ಜಿಲ್ಲೆಯವರಿಗೆ ಇದು ತೀರ ಹೊಸದೇನಲ್ಲ. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂದು ಕೇಳುತ್ತಲೇ ಬೆಳೆದವರು ನಾವು. ಫಲಕ ಓದಿ ಮುಂದೆ ಹೋದವನಿಗೆ ಒಳಗಿನ ಪಾಠ ಕೇಳಿಸುವುದಿಲ್ಲ. ಅಲ್ಲಿ ಫಲಕ ಹಾಕಿದವರು ಒಳಗಿನವರೇ, ಲೋಕಾಯತರಿಗೆ ಫಲಕ ಬರೆದವರು ಹೊರಗಿನವರು. ಈ ವ್ಯತ್ಯಾಸವನ್ನು ಮರೆಯಬಾರದು.

ನೆರೆಯ ಮಳಖೇಡವನ್ನೇ ನೋಡಿ. ಅಲ್ಲಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದ ಜಿನಸೇನ ಸಂಸ್ಕೃತದಲ್ಲಿ ಬರೆದ ಆದಿಪುರಾಣವನ್ನು ಆಧರಿಸಿಯೇ ಪಂಪ 941ರಲ್ಲಿ ಕನ್ನಡದ ‘ಆದಿಪುರಾಣ’ ರಚಿಸಿದ. ಜಿನಸೇನನಲ್ಲಿ ಮಹಾಬಲ ರಾಜನ ಸಭೆಯಲ್ಲಿ ಮಹಾಮತಿ ಎಂಬ ಮಂತ್ರಿ ಎದ್ದು ಭೂತವಾದವನ್ನು ಮಂಡಿಸುತ್ತಾನೆ. ನೆಲ, ನೀರು, ಗಾಳಿ, ಬೆಂಕಿ ಕೂಡಿದಾಗ ಚೈತನ್ಯ ಹುಟ್ಟುತ್ತದೆ, ಹೆಂಡಕ್ಕೆ ಬೇಕಾದ ವಸ್ತುಗಳು ಕೂಡಿದಾಗ ಅಮಲು ಹುಟ್ಟುವಂತೆ. ಅವನು ಸೋಲಲೆಂದೇ ಎದ್ದುನಿಂತ ಪಾತ್ರ, ನಿಜ. ಆದರೆ ಸೋಲಿಸಲಿಕ್ಕಾದರೂ ಅವನಿಗೆ ಮಂತ್ರಿಯ ಆಸನ ಕೊಡಬೇಕಾಯಿತು. ಮಾಧವನ ಅಧ್ಯಾಯ ಮುಗಿಯುವ ಹೊತ್ತಿಗೆ ಆ ಮಂತ್ರಿ ಸಾಲಗಾರನಾಗಿದ್ದಾನೆ.

ಸಾಲಗಾರನೇ ಯಾಕೆ? ಅಪವಾದ ಹೊರಿಸಲು ಬೇರೆ ಎಷ್ಟೋ ತಪ್ಪುಗಳಿದ್ದವು. ನನಗೆ ತೋರುವ ಕಾರಣ ಇದು. ವೈದಿಕ ಪರಂಪರೆಯಲ್ಲಿ ಮನುಷ್ಯ ಹುಟ್ಟುವುದೇ ಋಣ ಹೊತ್ತು: ಋಷಿಗಳಿಗೆ, ದೇವರಿಗೆ, ಪಿತೃಗಳಿಗೆ. ಸಾವೂ ಅದನ್ನು ಕಡಿಯುವುದಿಲ್ಲ. ಈ ತತ್ವ ಕಾನೂನಾದ ಜಾಗಗಳಲ್ಲಿ ಒಂದು ನಮ್ಮ ಪಕ್ಕದಲ್ಲೇ ಇದೆ. ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದ. ಅದರ ಪ್ರಕಾರ ತಂದೆಯ ಸಾಲವನ್ನು ಮಗ ಬಡ್ಡಿ ಸಹಿತ ತೀರಿಸಬೇಕು, ಮೊಮ್ಮಗ ಅಸಲನ್ನು ತೀರಿಸಬೇಕು. ಕುಡಿತ, ಜೂಜಿನಂಥ ಸಾಲಕ್ಕೆ ಮಾತ್ರ ವಿನಾಯಿತಿ. ಮಗನ ಧರ್ಮವೆಂಬ ಒಂದೇ ಕಾರಣಕ್ಕೆ ತಂದೆಯ ಹೊಸ ಸಾಲವನ್ನು ಕೋರ್ಟಿನ ಮೂಲಕ ಮಗನಿಂದ ವಸೂಲಿ ಮಾಡುವಂತಿಲ್ಲ ಎಂದು ಕಾನೂನು ಹೇಳಿದ್ದು 2005ರ ತಿದ್ದುಪಡಿಯಲ್ಲಿ. ಸಾಲ ಸಾವನ್ನು ದಾಟುತ್ತದೆ ಎಂಬ ನಂಬಿಕೆಗೆ ಅಷ್ಟು ಆಯುಷ್ಯ. ಸುಟ್ಟ ದೇಹ ಮರಳಿ ಬರುವುದಿಲ್ಲ ಎಂದವರು ಈ ಲೆಕ್ಕದ ಪುಸ್ತಕಕ್ಕೇ ಬೆಂಕಿ ಇಟ್ಟಂತೆ ಕಂಡಿರಬೇಕು. ಅವರನ್ನು ಸಾಲ ಮುಳುಗಿಸುವವರು ಎಂದು ಕರೆಯುವುದಕ್ಕಿಂತ ದೊಡ್ಡ ಬೈಗುಳ ಆ ಸಮಾಜದಲ್ಲಿ ಇರಲಾರದು.

ಅದೇ ಅಧ್ಯಾಯದಲ್ಲಿ ಚಾರ್ವಾಕರು ಶ್ರಾದ್ಧದ ಬಗ್ಗೆ ಕೇಳುವ ಪ್ರಶ್ನೆ ಇದೆ. ಇಲ್ಲಿ ಇಟ್ಟ ಅನ್ನ ಸತ್ತವರಿಗೆ ಮುಟ್ಟುವುದಾದರೆ, ದೂರದೂರಿಗೆ ಹೊರಟವನಿಗೆ ಬುತ್ತಿ ಕಟ್ಟುವುದು ಯಾಕೆ? ಮನೆಯಲ್ಲೇ ಅವನ ಹೆಸರಿನಲ್ಲಿ ಎಡೆ ಇಟ್ಟರೆ ಸಾಲದೇ? ಇದೆಲ್ಲ ಪುರೋಹಿತರ ಜೀವನೋಪಾಯ ಎಂದೂ ಅವರು ಹೇಳುತ್ತಾರೆ. ಇವೆರಡನ್ನೂ ಓದಿದ ಮೇಲೆ ತುಪ್ಪದ ಸಾಲು ತಲೆಕೆಳಗಾಗಿ ಕಾಣುತ್ತದೆ. ಸತ್ತವರಿಗಾಗಿ ಸಾಲ ಮಾಡಬೇಡಿ ಎಂದವರ ಹೆಸರಿಗೇ ಸಾಲ ಅಂಟಿಕೊಂಡಿತು.

ಹಾಗೆಂದು ಚಾರ್ವಾಕರನ್ನು ನಮ್ಮ ಮೆಚ್ಚಿನವರೆಲ್ಲರ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಬೀದರ ಕಡೆಯ ಭಾಷಣಗಳಲ್ಲಿ ‘ಚಾರ್ವಾಕರಿಂದ ಶರಣರವರೆಗೆ’ ಎಂಬ ಮಾತು ಸಲೀಸಾಗಿ ಬರುತ್ತದೆ. ಕಲ್ಯಾಣದ ಶರಣರೂ ಪುರೋಹಿತಶಾಹಿಯನ್ನು ತಿರಸ್ಕರಿಸಿದರು. ಆದರೆ ಅವರು ಅದನ್ನು ಮಾಡಿದ್ದು ಲಿಂಗದ ಮೇಲಿನ ನಿಷ್ಠೆಯಿಂದ. ಚೈತನ್ಯ ಅಮಲಿನಂತೆ ಹುಟ್ಟಿ ಅಳಿಯುತ್ತದೆ ಎಂಬುದನ್ನು ಬಸವಣ್ಣ ಒಪ್ಪುತ್ತಿರಲಿಲ್ಲ. ಇಬ್ಬರನ್ನೂ ಗೌರವಿಸುವ ದಾರಿ ಎಂದರೆ ಇಬ್ಬರ ನಡುವಿನ ಜಗಳವನ್ನು ಉಳಿಸಿಕೊಳ್ಳುವುದು.

ಚಾರ್ವಾಕರ ಬುತ್ತಿಯ ಪ್ರಶ್ನೆಗೂ ಒಂದು ಮಿತಿ ಇದೆ. ಊಟ ಸತ್ತವನಿಗೆ ಮುಟ್ಟುತ್ತದೆಯೇ ಎಂದು ಅದು ಕೇಳುತ್ತದೆ, ಉಳಿದವರಿಗೆ ಏನಾಗುತ್ತದೆ ಎಂದು ಕೇಳುವುದಿಲ್ಲ. ಇದು ನನಗೆ ಹೊಳೆದದ್ದು ಪುಸ್ತಕದಿಂದಲ್ಲ. ಕಳೆದ ಸಲ ಊರಿಗೆ ಹೋದಾಗ ಆ ಹಳೆಯ ಸಾಲದ ಮಾತು ತೆಗೆದು, ಓದಿದ ಹುಮ್ಮಸ್ಸಿನಲ್ಲಿ, ‘ಆಯಿ, ಆ ಹುಗ್ಗಿ ಮುತ್ಯಾಗ ಮುಟ್ಟಿತೇನು?’ ಎಂದು ಕೇಳಿಬಿಟ್ಟೆ. ಅಪ್ಪ ಮುಖ ಆಚೆ ತಿರುಗಿಸಿದರು. ಆಯಿ ಅಕ್ಕಿ ಹಸನು ಮಾಡುವುದನ್ನು ನಿಲ್ಲಿಸಲಿಲ್ಲ.

‘ಮುಟ್ಟಿತೋ ಇಲ್ಲೋ ನನಗೇನ್ ಗೊತ್ತು, ಮಗಾ. ಊರ ಮಂದಿ ಉಂಡಾರ. ಅದು ನಾ ನೋಡೀನಿ.’ ಒಂದು ಕ್ಷಣ ಬಿಟ್ಟು ಅಂದಳು: ‘ಸಾಲ ನಿಮ್ಮಪ್ಪ ತೀರಿಸ್ಯಾನ. ಅದೂ ನೋಡೀನಿ.’