ಅಟ್ಟದಲ್ಲಿ ಫ್ಯಾಂಟಮ್: ಹಳೆಯ ಕಾಮಿಕ್ಸ್ ರಸಿಕರಿಗೊಂದು ಕೈಪಿಡಿ

ಹಳೆಯ ಕಾಮಿಕ್ಸ್ ಕೂಡಿಡುವ ಹುಚ್ಚು ಹಿಡಿಸಿಕೊಳ್ಳಲು ಹೊರಟವರು ದುಡ್ಡಿನ ಮಾತನ್ನು ಮೊದಲೇ ಮುಗಿಸಿಬಿಡುವುದು ಒಳ್ಳೆಯದು. 1938ರ ಜೂನ್ ತಿಂಗಳ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಮುಖಪುಟದಲ್ಲಿ ಸೂಪರ್‌ಮ್ಯಾನ್ ಕಾರೊಂದನ್ನು ತಲೆಯ ಮೇಲಕ್ಕೆತ್ತಿ ನಿಂತಿದ್ದಾನೆ. ಅಂದು ಅದರ ಬೆಲೆ ಹತ್ತು ಸೆಂಟ್. 2024ರ ಏಪ್ರಿಲ್‌ನಲ್ಲಿ ಅದರ ಒಂದು ಪ್ರತಿ 60 ಲಕ್ಷ ಡಾಲರಿಗೆ ಹರಾಜಾಯಿತು. ಕುಕ್ಕುಂದೂರಿನ ಜೋಡುರಸ್ತೆಯಿಂದ ಕಾರ್ಕಳ ಪೇಟೆಯವರೆಗೆ ಎಷ್ಟು ರದ್ದಿ ಕಟ್ಟು ಬಿಚ್ಚಿದರೂ ಅಂಥದೊಂದು ಸಿಗಲಾರದು. ಸಿಗುವುದು ಬೇರೆ. ನನ್ನ ಮಟ್ಟಿಗೆ ಅದೇ ಹೆಚ್ಚು ಸ್ವಾರಸ್ಯದ್ದು.

ಇಲ್ಲಿಂದಲೇ ಏಕೆ ಶುರುಮಾಡಬೇಕು ಎಂದರೆ, ಭಾರತದಲ್ಲಿ ಕಾಮಿಕ್ಸ್ ಎಂಬುದನ್ನು ಮನೆಮನೆಗೆ ಮುಟ್ಟಿಸಿದ ಅನಂತ ಪೈ ಹುಟ್ಟಿದ್ದು ಇದೇ ಕಾರ್ಕಳದಲ್ಲಿ, 1929ರ ಸೆಪ್ಟೆಂಬರ್ 17ರಂದು. ಎರಡು ವರ್ಷ ತುಂಬುವ ಹೊತ್ತಿಗೆ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಪೈ ಹನ್ನೆರಡರ ಸುಮಾರಿಗೆ ಮುಂಬಯಿ ಸೇರಿದರು. ಕೆಮಿಕಲ್ ಎಂಜಿನಿಯರಿಂಗ್ ಓದಿ ಕೊನೆಗೆ ಟೈಮ್ಸ್ ಆಫ್ ಇಂಡಿಯಾದ ಪುಸ್ತಕ ವಿಭಾಗಕ್ಕೆ ಬಂದರು. ಆ ಸಂಸ್ಥೆ 1964ರ ಮಾರ್ಚ್‌ನಲ್ಲಿ ಫ್ಯಾಂಟಮ್ ಕಥೆಗಳ ಇಂದ್ರಜಾಲ ಕಾಮಿಕ್ಸ್ ಹೊರತಂದಾಗ ಪೈ ಆ ಕೆಲಸದಲ್ಲಿದ್ದರು. ಅಂದರೆ ‘ಅಮರ ಚಿತ್ರ ಕಥೆ’ಯ ಕೃಷ್ಣನಿಗಿಂತ ಮೊದಲು ಅವರ ಕೈಯಲ್ಲಿ ಹಾದುಹೋದವನು ಮುಖವಾಡ ತೊಟ್ಟ ಫ್ಯಾಂಟಮ್.

ದೂರದರ್ಶನದ ರಸಪ್ರಶ್ನೆಯಲ್ಲಿ ಗ್ರೀಕ್ ದೇವತೆಗಳ ಬಗ್ಗೆ ಪಟಪಟನೆ ಹೇಳಿದ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿರಲಿಲ್ಲ, ಅದನ್ನು ಕಂಡ ಪೈ 1967ರಲ್ಲಿ ಅಮರ ಚಿತ್ರ ಕಥೆ ಶುರುಮಾಡಿದರು ಎಂಬ ಕಥೆ ನಿಮಗೆ ಗೊತ್ತಿರಬಹುದು. ಚಂದದ ಕಥೆ. ಆದರೆ ಸಂಗ್ರಹಕ್ಕೆ ಇಳಿದವರು ಒಂದು ಸಣ್ಣ ಲೆಕ್ಕ ಕೇಳಬೇಕು: ಇಂಗ್ಲಿಷಿನ ಮೊದಲ ಪುಸ್ತಕ ‘ಕೃಷ್ಣ’ದ ಮೇಲೆ 11 ಎಂಬ ಸಂಖ್ಯೆ ಇದೆಯಲ್ಲ, ಮೊದಲ ಹತ್ತು ಎಲ್ಲಿ ಹೋದವು? ಅವು ಕನ್ನಡದಲ್ಲಿವೆ. 1965ರಲ್ಲಿ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸಿನ ಪುಸ್ತಕ ಮಾರಾಟದಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಯೋಚನೆಯಿಂದ ಅಮರ ಚಿತ್ರ ಕಥೆ ಹುಟ್ಟಿದ್ದು ಕನ್ನಡದ ಸರಣಿಯಾಗಿ. ಪುರಾಣ ಇನ್ನೂ ಬಂದಿರಲಿಲ್ಲ. ಸಿಂಡರೆಲ್ಲಾ, ಅಲ್ಲಾದೀನ, ಪಿನೋಕಿಯೋ, ಹಿಮಶ್ವೇತೆಯಂಥ ಹೊರಗಿನ ಕಥೆಗಳೇ ಆ ಹತ್ತು. ಅವು ಚೆನ್ನಾಗಿ ಮಾರಾಟವಾದ ಮೇಲೆ ಉಳಿದ ಭಾಷೆಗಳಿಗೆ ಧೈರ್ಯ ಬಂತು.

ನಾನು ಹೊಸಬರಿಗೆ ಒತ್ತಿ ಹೇಳುವುದು ಇದೊಂದನ್ನೇ. ದೇಶದ ಸಂಗ್ರಹಕಾರರು ಇಂಗ್ಲಿಷ್ ಪ್ರತಿಯ ಹಿಂದೆ ಬಿದ್ದಿದ್ದಾರೆ, ನೀವು ಕನ್ನಡದ್ದನ್ನು ಹುಡುಕಿ. ಇಂಗ್ಲಿಷ್ ಪ್ರತಿಗಳು ಶಹರದ ಕಪಾಟುಗಳಲ್ಲಿ ಕುಳಿತವು. ಕನ್ನಡದವು ಕೈಯಿಂದ ಕೈಗೆ, ಶಾಲೆಯ ಚೀಲದಿಂದ ಚೀಲಕ್ಕೆ ಹೋಗಿ ಸವೆದವು, ಕೊನೆಗೆ ಕಡಲೆ ಕಟ್ಟುವ ಪೊಟ್ಟಣವಾದವು. ಓದಿಸಿಕೊಂಡಷ್ಟೂ ಅಪರೂಪವಾದವು.

ಪ್ರತಿಯನ್ನು ಕೈಗೆತ್ತಿಕೊಂಡಾಗ ಮೊದಲು ಚಿತ್ರಕ್ಕೆ ಮರುಳಾಗದೆ ಸಂಖ್ಯೆ ನೋಡಿ. ಅಮರ ಚಿತ್ರ ಕಥೆಯ ಮರುಮುದ್ರಣಗಳಿಗೆ ಮುಂದೆ ಹೊಸ ಎಣಿಕೆ ಬಂತು. ‘ಕೃಷ್ಣ’ 501 ಆಯಿತು, ‘ಹನುಮಾನ್’ 502. ದಪ್ಪ ರಟ್ಟಿನ ಹೊಳೆಯುವ ಮುಖಪುಟ, ಐನೂರರ ಮೇಲಿನ ಸಂಖ್ಯೆ ಇದ್ದರೆ ಅದು ಮೊಮ್ಮಕ್ಕಳಿಗೆ ಓದಲು ಬಲು ಒಳ್ಳೆಯ ಪುಸ್ತಕ, ಹಳೆಯದು ಮಾತ್ರ ಅಲ್ಲ. ಆಮೇಲೆ ಬೆಲೆ ನೋಡಿ. ಇಂದ್ರಜಾಲ ಶುರುವಾದಾಗ ಅರವತ್ತು ಪೈಸೆ. ಮುಂದೆ ತಿಂಗಳಿಗೊಂದು ಹೋಗಿ ಹದಿನೈದು ದಿನಕ್ಕೊಂದು, ಆಮೇಲೆ ವಾರಕ್ಕೊಂದು ಆಯಿತು. ಎಂಬತ್ತರ ದಶಕದಲ್ಲಿ ಕ್ರಮಸಂಖ್ಯೆ ಬಿಟ್ಟು ಸಂಪುಟ, ಸಂಚಿಕೆ ಎಂದು ಹಾಕತೊಡಗಿದರು. 1990ರಲ್ಲಿ ನಿಲ್ಲುವ ಹೊತ್ತಿಗೆ ಎಂಟುನೂರಕ್ಕೂ ಮಿಕ್ಕಿ ಸಂಚಿಕೆಗಳಾಗಿದ್ದವು. ಯಾರಾದರೂ 123 ಮತ್ತು 124ನೆಯ ಸಂಖ್ಯೆಯ ಇಂದ್ರಜಾಲ ತನ್ನಲ್ಲಿದೆ ಎಂದರೆ ನಕ್ಕು ಸುಮ್ಮನಿರಿ. ಮುಷ್ಕರದಿಂದಾಗಿ ಅವೆರಡು ಬರಲೇ ಇಲ್ಲ.

ಸಂಖ್ಯೆ ನೋಡಿಯಾದ ಮೇಲೆ ಚಿತ್ರಕ್ಕೆ ಬನ್ನಿ, ನಿಧಾನವಾಗಿ. ಲೀ ಫಾಕ್ 1936ರ ಫೆಬ್ರವರಿಯಲ್ಲಿ ಫ್ಯಾಂಟಮ್ ಕಥೆ ಶುರುಮಾಡಿದ್ದು ಪತ್ರಿಕೆಯ ದಿನಪಟ್ಟಿಯಾಗಿ. ದಿನಕ್ಕೆ ಮೂರೋ ನಾಲ್ಕೋ ಚೌಕ. ನಿನ್ನೆ ಏನಾಯಿತೆಂದು ಇಂದಿನ ಮೊದಲ ಚೌಕದಲ್ಲಿ ನೆನಪಿಸಬೇಕು, ನಾಳೆ ಏನಾದೀತೋ ಎಂದು ಕೊನೆಯ ಚೌಕದಲ್ಲಿ ಕೊಕ್ಕೆ ಹಾಕಬೇಕು. ಅದನ್ನೇ ಪುಸ್ತಕ ಮಾಡಹೊರಟವರು ನೆನಪಿಸುವ ಚೌಕಗಳನ್ನು ಕತ್ತರಿಸಿ, ಉಳಿದದ್ದನ್ನು ಪುಟದ ಅಳತೆಗೆ ಹಿಗ್ಗಿಸಿ ಕುಗ್ಗಿಸಿ, ಬಣ್ಣ ತುಂಬಿ ಕೂಡಿಸಿದರು. ಆ ಹೊಲಿಗೆಯ ಗುರುತು ಹುಡುಕುವುದೇ ಒಂದು ಆಟ. ಕುದುರೆ ಹೀರೋ ಇದ್ದಕ್ಕಿದ್ದಂತೆ ಮುಂದಿನ ಚೌಕದಲ್ಲಿ ಇರುವುದಿಲ್ಲ, ಗೆಳೆಯ ಗುರಾನ್ ಕೇಳದ ಪ್ರಶ್ನೆಗೆ ಉತ್ತರ ಬರುತ್ತದೆ. ಅಲ್ಲೊಂದು ದಿನ ಕತ್ತರಿಗೆ ಸಿಕ್ಕಿದೆ ಎಂದು ತಿಳಿಯಿರಿ.

ಕೈಯನ್ನೂ ಗುರುತಿಸಲು ಕಲಿಯಿರಿ. ಮೊದಲ ಚಿತ್ರಕಾರ ರೇ ಮೂರ್ ಅವರದು ಕತ್ತಲೆ ಹೆಚ್ಚಿರುವ ಚಿತ್ರ, ನೆರಳಿನಲ್ಲೇ ಅರ್ಧ ಕಥೆ. ವಿಲ್ಸನ್ ಮೆಕಾಯ್ ಅವರ ಫ್ಯಾಂಟಮ್ ದಪ್ಪ ಗೆರೆಯ, ಕೊಂಚ ಮೊಂಡು ದೇಹದ ಮನುಷ್ಯ. ಚಂದವಿಲ್ಲ ಎಂದು ಹೊಸಬರು ಪಕ್ಕಕ್ಕಿಡುತ್ತಾರೆ, ಹಳಬರು ಅದನ್ನೇ ಹುಡುಕುತ್ತಾರೆ. ಅರವತ್ತರ ದಶಕದಲ್ಲಿ ಬಂದ ಸೈ ಬ್ಯಾರಿ ಅವರಿಂದ ಮೈಕಟ್ಟು, ಕಾಡು, ಬೆಳಕು ಎಲ್ಲ ಹುರಿಗೊಂಡವು. ನಮ್ಮ ತಲೆಮಾರಿನ ಕಣ್ಣಲ್ಲಿ ನಿಂತಿರುವುದು ಈ ಬ್ಯಾರಿ ಫ್ಯಾಂಟಮ್ಮೇ. ಅಮರ ಚಿತ್ರ ಕಥೆಯಲ್ಲಾದರೆ ‘ಕೃಷ್ಣ’ ಬರೆದ ರಾಮ್ ವಾಯೀರ್ಕರ್ ಇದ್ದಾರೆ, ಯೂಸುಫ್ ಲೀನ್ ಎಂದು ಸಹಿ ಹಾಕುತ್ತಿದ್ದ ಯೂಸುಫ್ ಬೆಂಗಳೂರ್‌ವಾಲಾ ಇದ್ದಾರೆ, ಪ್ರತಾಪ್ ಮುಳಿಕ್ ಇದ್ದಾರೆ. ಮುಳಿಕ್ ಅವರೇ ಮುಂದೆ ಹಿಂದಿಯ ನಾಗರಾಜ್ ಕಾಮಿಕ್ಸಿಗೂ ಚಿತ್ರ ಬರೆದರು. ಪುರಾಣದ ವೀರನ ಭುಜಕ್ಕೂ ಸೂಪರ್ ಹೀರೋನ ಭುಜಕ್ಕೂ ನಡುವೆ ಎಷ್ಟು ದೂರ ಎಂದು ಅಳೆಯಬೇಕಾದರೆ ಈ ಒಂದು ಕೈಯ ಎರಡು ಕೆಲಸವನ್ನು ಪಕ್ಕಪಕ್ಕ ಇಟ್ಟು ನೋಡಿ.

ಯಕ್ಷಗಾನ ನೋಡಿ ಬೆಳೆದವರಿಗೆ ಈ ಪುಟಗಳು ಬೇಗ ಒಲಿಯುತ್ತವೆ. ಮೊದಲ ಪುಟದಲ್ಲಿ ಇಡೀ ಜಾಗ ಹಿಡಿದು ನಿಲ್ಲುವ ವೀರ ಒಡ್ಡೋಲಗದ ವೇಷವೇ ಸರಿ: ಕಥೆ ಇನ್ನೂ ಹೆಜ್ಜೆ ಇಟ್ಟಿರುವುದಿಲ್ಲ, ಆದರೆ ಯಾರು, ಎಂಥವನು, ಎಷ್ಟು ತೂಕದವನು ಎಂಬುದು ನಿಲುವಿನಲ್ಲೇ ಇತ್ಯರ್ಥವಾಗಿರುತ್ತದೆ.

ಕನ್ನಡ ಪ್ರತಿಯಲ್ಲಿ ವಿಶೇಷವಾಗಿ ನೋಡಬೇಕಾದ್ದು ಮಾತಿನ ಗುಳ್ಳೆಗಳನ್ನು. ಗುಳ್ಳೆ ಇಂಗ್ಲಿಷಿನ ಅಳತೆಗೆ ಬರೆದದ್ದು. ಆ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೇರುತ್ತದೆ, ದೀರ್ಘ ಪಕ್ಕಕ್ಕೆ ಚಾಚುತ್ತದೆ. ಇಷ್ಟನ್ನೂ ಅಷ್ಟೇ ಜಾಗದಲ್ಲಿ ಹೇಗೆ ತುಂಬಿದರು, ಎಲ್ಲಿ ಮಾತು ಮೊಟಕಾಯಿತು, ಎಲ್ಲಿ ಅಕ್ಷರ ಇರುವೆಯಷ್ಟಾಯಿತು ಎಂದು ನೋಡುವ ಸುಖ ಇಂಗ್ಲಿಷ್ ಪ್ರತಿಯಲ್ಲಿಲ್ಲ. ಊರಿನ ಹೆಸರೂ ಗಮನಿಸಿ. ಮೂಲದ ಬಂಗಾಲ್ಲಾ ದೇಶ ಇಂದ್ರಜಾಲದಲ್ಲಿ ಡೆಂಕಾಲಿ ಆಯಿತು, ಸಿಂಗ್ ಕಡಲ್ಗಳ್ಳರು ಸಿಂಗಾ ಆದರು. ಭಾರತದ ಓದುಗರಿಗೆ ಮುಜುಗರವಾಗದಿರಲೆಂದು ಮಾಡಿದ ತಿದ್ದುಪಡಿ ಇರಬೇಕು.

1976ರ ಡಿಸೆಂಬರಿನಲ್ಲಿ ಇಂದ್ರಜಾಲಕ್ಕೆ ಆಬಿದ್ ಸುರ್ತಿ ಅವರ ಬಹಾದ್ದೂರ್ ಬಂದ. ಕೇಸರಿ ಕುರ್ತಾ, ಜೀನ್ಸ್, ಎದುರಿಗೆ ಡಕಾಯಿತರು. ಫ್ಯಾಂಟಮ್ ಸಂಚಿಕೆಗಳಿಗಿರುವ ಬೇಡಿಕೆ ಇವನಿಗಿಲ್ಲ. ಆದ್ದರಿಂದಲೇ ಹೊಸಬರು ಇವನಿಂದ ಶುರುಮಾಡಬಹುದು ಎಂಬುದು ನನ್ನ ಅಭಿಪ್ರಾಯ. ಮಕ್ಕಳ ಪತ್ರಿಕೆ ‘ಬಾಲಮಂಗಳ’ದ ಡಿಂಗನನ್ನೂ ಮರೆಯಬೇಡಿ. ಅನ್ಯಗ್ರಹದವರ ಕೈಗೆ ಸಿಕ್ಕಿ ಶಕ್ತಿ ಪಡೆದ ಈ ಇಲಿ ಮಲಯಾಳದಿಂದ ಬಂದದ್ದು. ಕರಾವಳಿಯ ಎಂಬತ್ತು ತೊಂಬತ್ತರ ಮಕ್ಕಳಿಗೆ ಸೂಪರ್‌ಮ್ಯಾನ್‌ಗಿಂತ ಹತ್ತಿರದವನು. ಬಿಡಿ ಸಂಚಿಕೆಗಳನ್ನು ಇನ್ನೂ ಯಾರೂ ಗಂಭೀರವಾಗಿ ಕೂಡಿಡುತ್ತಿಲ್ಲ. ಈಗಲೇ ಎತ್ತಿಡಿ.

ಹುಡುಕುವುದೆಲ್ಲಿ? ಈ ಸೀಮೆಯ ಮನೆಗಳಿಗೆ ಮುಂಬಯಿಯ ನಂಟು ಹಳೆಯದು. ಬೇಸಿಗೆ ರಜೆಗೆ ಊರಿಗೆ ಬರುವ ಮಾವನ ಮಕ್ಕಳು ತಂದು ಬಿಟ್ಟುಹೋದ ಇಂಗ್ಲಿಷ್, ಮರಾಠಿ, ಹಿಂದಿ ಪ್ರತಿಗಳು ಅಟ್ಟದಲ್ಲಿ ಕನ್ನಡದವುಗಳ ಜೊತೆ ಬೆರೆತಿರುತ್ತವೆ. ಹಂಚಿನ ಮನೆ ಕೆಡವಿ ತಾರಸಿ ಕಟ್ಟುವ ಮೊದಲು ಅಟ್ಟ ಖಾಲಿ ಮಾಡುತ್ತಾರಲ್ಲ, ಆ ವಾರವೇ ಸುಗ್ಗಿ. ಅಡುಗೆಮನೆಯ ಮೇಲಿನ ಅಟ್ಟದ್ದಾದರೆ ಹೊಗೆಯಿಂದ ಕಂದಾಗಿದ್ದರೂ ಪುಸ್ತಕ ಗಟ್ಟಿಯಾಗಿರುತ್ತದೆ, ಒಣಗಿರುತ್ತದೆ. ಹೊರಗಿನ ಚಾವಡಿಯ ಪೆಟ್ಟಿಗೆಯದ್ದಾದರೆ ಒರಲೆ ಮೊದಲು ಓದಿ ಮುಗಿಸಿರುವ ಸಂಭವ ಹೆಚ್ಚು.

ಹಳೆಯ ಕಾಮಿಕ್ಸಿನ ಕಾಗದ ಅಗ್ಗದ ಮರದ ತಿರುಳಿನದು, ತನ್ನೊಳಗಿನ ಆಮ್ಲದಿಂದಲೇ ಹಳದಿಗಟ್ಟಿ ಪುಡಿಯಾಗುತ್ತದೆ. ಅದರ ಮೇಲೆ ನಮ್ಮ ಮಳೆ. ಆಟಿ ತಿಂಗಳಲ್ಲಿ ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದು ಬೆನ್ನಿನುದ್ದಕ್ಕೂ ಕೆಂಪು ಕಲೆ ಬಿಡುತ್ತದೆ, ಪುಟಗಳು ಬೂಷ್ಟು ಹಿಡಿಯುತ್ತವೆ. ಸಾಮಾನ್ಯ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬಿಗಿದಿಟ್ಟರೆ ತೇವವೂ ಒಳಗೇ ಬಂದಿ. ಪಾಲಿಯೆಸ್ಟರ್ ಹೊದಿಕೆ ತರಿಸಿ, ಹಿಂದೆ ಆಮ್ಲವಿಲ್ಲದ ರಟ್ಟು ಇಟ್ಟು, ಗೋಡೆಗೆ ತಾಗದ ಕಪಾಟಿನಲ್ಲಿ ನಿಲ್ಲಿಸಿ. ಸಿಲಿಕಾ ಜೆಲ್ ಪೊಟ್ಟಣ ಇರಲಿ. ಮಳೆ ಹೋದ ಮೇಲೆ ನೆರಳಲ್ಲಿ ಗಾಳಿಗೆ ಬಿಡಿ, ಬಿಸಿಲಿಗಲ್ಲ. ಹರಿದ ಪುಟಕ್ಕೆ ಸೆಲ್ಲೋಟೇಪ್ ಅಂಟಿಸಿದಿರೋ, ಹರಿದದ್ದಕ್ಕಿಂತ ದೊಡ್ಡ ಹಾನಿ ನೀವೇ ಮಾಡಿದಂತೆ.

ಅಮೆರಿಕದಲ್ಲಿ ಹತ್ತರ ಅಳತೆಯಲ್ಲಿ ಅಂಕ ಹಾಕಿ, ಪುಸ್ತಕವನ್ನು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕೊಡುವ ಸಂಸ್ಥೆಗಳಿವೆ. ಬೆಲೆ ಏರುತ್ತದೆ, ಪುಸ್ತಕ ತೆರೆಯುವಂತಿಲ್ಲ. ನಮ್ಮಲ್ಲಿ ಕನ್ನಡ ಪ್ರತಿಗಳಿಗೆ ಅಂಥ ಅಂಕವೂ ಇಲ್ಲ, ಒಪ್ಪಿತ ಬೆಲೆಪಟ್ಟಿಯೂ ಇಲ್ಲ. ಹಾಗಾಗಿ ವಾಚನಾಲಯದ ಠಸ್ಸೆ, ಮೂಲೆಯಲ್ಲಿ ಶಾಯಿಯಲ್ಲಿ ಬರೆದ ಹೆಸರು, ಬಿಡಿಸಿದ ಒಗಟು ಇವನ್ನು ಕುಂದು ಎಂದು ಎಣಿಸಬೇಕಾಗಿಲ್ಲ. ನಾನಂತೂ ಅಂಥ ಪ್ರತಿಗೆ ಹತ್ತು ರೂಪಾಯಿ ಹೆಚ್ಚೇ ಕೊಡುತ್ತೇನೆ. ಕುಂದು ಬೇರೆ ಇದೆ: ಹತ್ತಿಪ್ಪತ್ತು ಸಂಚಿಕೆ ಸೇರಿಸಿ ಬೈಂಡ್ ಮಾಡಿಸುವಾಗ ಅಂಚು ಕತ್ತರಿಸಿದ್ದಾರೆಯೇ, ನಡುವಿನ ಹಾಳೆ ಜಾರಿಹೋಗಿದೆಯೇ, ಹಿಂಬದಿಯ ಜಾಹೀರಾತು ಉಳಿದಿದೆಯೇ ಎಂದು ಪುಟ ಎಣಿಸಿ ನೋಡಿ. ಒಂದು ಪುಟ ಕಡಿಮೆಯಿದ್ದರೂ ಕೊಳ್ಳಬಹುದು, ಇನ್ನೊಂದು ಹರಕು ಪ್ರತಿಯಿಂದ ಅದು ಮುಂದೆಂದೋ ಸಿಕ್ಕೀತು. ಕೊಡುವವರಿಗೆ ಮಾತ್ರ ರದ್ದಿಯ ತೂಕದ ಲೆಕ್ಕ ಹೇಳಬೇಡಿ. ಅವರ ಕೈಯಲ್ಲಿರುವುದು ಎಂಥದೆಂದು ಮೊದಲು ತಿಳಿಸಿ, ಆಮೇಲೆ ಬೆಲೆ ಕೇಳಿ.