ಬರೆಹದ ಪರಿಚಯವೂ ಮುಖಪರಿಚಯವೂ

ಒಬ್ಬ ಕವಿಯ ಕೃತಿಯನ್ನು ಓದಿ ಮೆಚ್ಚಿದವನು ಆ ಕವಿಯನ್ನು ಕಾಣಲು ಹೋಗದಿರುವುದೇ ಲೇಸೆಂದು ಹೇಳುವವರುಂಟು. ಓದಿನಲ್ಲಿ ಕಟ್ಟಿಕೊಂಡ ಮೂರ್ತಿ ಎದುರಿಗೆ ಕಂಡಾಗ ಭಿನ್ನವಾದೀತೆಂಬ ಅಂಜಿಕೆ ಅವರದು. ಹಿಂದೆ ಈ ಅಂಜಿಕೆ ಸಾಹಿತ್ಯಾಸಕ್ತರಾದ ಕೆಲವರಿಗೆ ಮಾತ್ರ ಸೇರಿದ್ದಾಗಿತ್ತು. ಈಗ ಹಾಗಿಲ್ಲ. ಅಂತರ್ಜಾಲ ಬಂದ ಮೇಲೆ ಎಲ್ಲರೂ ಬರೆಯುವವರೇ, ಎಲ್ಲರೂ ಓದುವವರೇ. ಬ್ಯಾಂಕಿನ ಗುಮಾಸ್ತರಿಗೂ ಶಾಲೆಯ ಮೇಷ್ಟರಿಗೂ ಮನೆವಾರ್ತೆ ನೋಡಿಕೊಳ್ಳುವ ಗೃಹಿಣಿಗೂ, ಕಣ್ಣಿನಿಂದ ಕಂಡರಿಯದ, ಬರೆಹದಿಂದಲೇ ಬಲ್ಲ ಹತ್ತು ಮಂದಿ ಗೆಳೆಯರಿದ್ದಾರೆ. ಇಂಥವರು ಒಂದು ದಿನ ಒಂದೆಡೆ ಕಲೆತಾಗ ಆಗುವುದೇನು? ಬರೆಹದಲ್ಲಿ ಅರಿತದ್ದು ಹೆಚ್ಚೋ, ಮುಖ ಕಂಡು ಅರಿಯುವುದು ಹೆಚ್ಚೋ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡು ಇಂಗ್ಲಿಷ್ ಪುಸ್ತಕಗಳನ್ನು ಈಚೆಗೆ ಮತ್ತೆ ಓದಿದೆ. ಆಗ ತೋರಿದ ಕೆಲವು ವಿಚಾರಗಳನ್ನು ಇಲ್ಲಿ ಓದುಗರ ಮುಂದಿಡುತ್ತೇನೆ.

ಮೊದಲನೆಯದು ಹೋವರ್ಡ್ ರೈನ್‌ಗೋಲ್ಡ್ ಎಂಬ ಅಮೆರಿಕದ ಲೇಖಕನ ‘ದಿ ವರ್ಚುಯಲ್ ಕಮ್ಯೂನಿಟಿ’, ಅಚ್ಚಾದದ್ದು 1993ರಲ್ಲಿ. ಅಂತರ್ಜಾಲವೆಂಬ ಮಾತು ನಮ್ಮ ಕಿವಿಗೆ ಬೀಳದಿದ್ದ ಕಾಲದಲ್ಲಿ, 1985ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಸೀಮೆಯಲ್ಲಿ ‘ವೆಲ್’ ಎಂಬ ಬಳಗವೊಂದು ಹುಟ್ಟಿತು. ಸದಸ್ಯರು ಮನೆಯ ಕಂಪ್ಯೂಟರನ್ನು ದೂರವಾಣಿಯ ತಂತಿಗೆ ಜೋಡಿಸಿ, ವಿಷಯಕ್ಕೊಂದರಂತೆ ಏರ್ಪಟ್ಟಿದ್ದ ಗೋಷ್ಠಿಗಳಲ್ಲಿ ಬರೆದು ಬರೆದೇ ಮಾತನಾಡುತ್ತಿದ್ದರು. ಪುಸ್ತಕದ ಆರಂಭದಲ್ಲೇ ಬರುವ ಒಂದು ಪ್ರಸಂಗ ಸೊಗಸಾಗಿದೆ. 1986ರಲ್ಲಿ ಲೇಖಕನ ಎರಡು ವರ್ಷದ ಮಗಳ ತಲೆಗೆ ಉಣ್ಣಿಯೊಂದು ಕಚ್ಚಿಕೊಂಡಿತು. ಹೆಂಡತಿ ಮಕ್ಕಳ ವೈದ್ಯರಿಗೆ ದೂರವಾಣಿಯಲ್ಲಿ ಹೇಳಿಕಳಿಸಿ ಕಾಯುತ್ತಿದ್ದರೆ, ಗಂಡ ಬಳಗದ ತಾಯಿತಂದೆಯರ ಗೋಷ್ಠಿಯಲ್ಲಿ ಪ್ರಶ್ನೆ ಹಾಕಿದ. ವೈದ್ಯರ ಕಡೆಯಿಂದ ಕರೆ ಬರುವ ಮೊದಲೇ ಗೋಷ್ಠಿಯಿಂದ ಉತ್ತರ ಬಂದು ಉಣ್ಣಿಯನ್ನು ತೆಗೆದದ್ದೂ ಆಯಿತು. ದೊಡ್ಡ ಸಿದ್ಧಾಂತವನ್ನು ಹೇಳಹೊರಟವನು ಇಂಥ ಮನೆವಾರ್ತೆಯಿಂದ ಆರಂಭಿಸಿದ್ದು ಒಳ್ಳೆಯ ಗದ್ಯಲೇಖಕನ ಲಕ್ಷಣವೆನ್ನಬೇಕು.

ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು ಮತ್ತೊಂದು ಸನ್ನಿವೇಶ. ಬಳಗವನ್ನು ಸೇರಿದ ಮೂರು ತಿಂಗಳಿಗೆ ರೈನ್‌ಗೋಲ್ಡ್ ಸದಸ್ಯರೊಬ್ಬರ ಮನೆಯಲ್ಲಿ ನಡೆದ ಕೂಟಕ್ಕೆ ಹೋಗುತ್ತಾನೆ. ಮನೆ ತುಂಬ ಜನ. ಅವರ ಸುಖದುಃಖಗಳನ್ನು ಈತ ಬಲ್ಲ. ಈತನವನ್ನು ಅವರು ಬಲ್ಲರು. ಕೆಲವರೊಡನೆ ಹೊಟ್ಟೆ ಹುಣ್ಣಾಗುವಂತೆ ನಕ್ಕದ್ದುಂಟು, ಕೆಲವರ ಮೇಲೆ ಕೆಂಡವಾದದ್ದೂ ಉಂಟು. ಆದರೆ ಗುರುತು ಹಿಡಿಯಬಲ್ಲ ಮುಖ ಅಲ್ಲಿ ಒಂದೂ ಇಲ್ಲ. ಊರಿನಲ್ಲಿ ನಾವು ಮೊದಲು ಮುಖ ಕಾಣುತ್ತೇವೆ, ಮನುಷ್ಯನನ್ನು ಆಮೇಲೆ ಅರಿಯುತ್ತೇವೆ. ಇಲ್ಲಿಯಾದರೋ ಅರಿವು ಮೊದಲು, ಬೇಕೆನಿಸಿದರೆ ಭೇಟಿ ಆಮೇಲೆ ಎಂಬುದು ಆತನ ವಾದದ ತಿರುಳು.

ವಾದ ಹೊಸದು, ಹೇಳಿದ ರೀತಿಯೂ ಹೃದ್ಯ. ಆದರೂ ಆ ಸನ್ನಿವೇಶ ನನಗೆ ಅರ್ಧಕ್ಕೆ ನಿಂತಂತೆ ತೋರುತ್ತದೆ. ಯಾರ ಮೇಲೆ ಆತ ಕೆಂಡವಾಗಿದ್ದನೋ ಅವರೂ ಆ ಸಂಜೆ ಅದೇ ಮನೆಯಲ್ಲಿ ಇದ್ದಿರಬೇಕಷ್ಟೆ. ಅವರ ಕೈ ಕುಲುಕಿದಾಗ ಏನಾಯಿತು? ಮರುದಿನ ಅದೇ ವಾದ ಮುಂದುವರಿದಾಗ ಮಾತಿನ ಧಾಟಿ ಬದಲಾಯಿತೆ? ಲೇಖಕ ಅದನ್ನು ಹೇಳುವುದಿಲ್ಲ. ಅಪರಿಚಿತ ಮುಖಗಳ ನಡುವೆ ನಿಂತ ಬೆರಗನ್ನು ಚಿತ್ರಿಸಿ ಬೇರೆ ವಿಷಯಕ್ಕೆ ಹೊರಳುತ್ತಾನೆ. ಭೇಟಿಯ ಬೆಲೆ ಎಷ್ಟೆಂಬುದು ಗೊತ್ತಾಗುವುದು ಮರುದಿನದ ಬರೆಹದಿಂದ. ಅಲ್ಲಿಯವರೆಗೆ ಬರುವ ವ್ಯವಧಾನವನ್ನು ಪುಸ್ತಕ ಇಲ್ಲಿ ತೋರಿಸಿಲ್ಲ.

ಎರಡನೆಯ ಪುಸ್ತಕ ಇದಕ್ಕಿಂತ ಹಳೆಯದು: ಹೆಲೀನ್ ಹ್ಯಾನ್ಫ್ ಎಂಬ ನ್ಯೂಯಾರ್ಕಿನ ಲೇಖಕಿಯ ‘84, ಚೇರಿಂಗ್ ಕ್ರಾಸ್ ರೋಡ್’. ಲಂಡನ್ನಿನ ಹಳೆಯ ಪುಸ್ತಕದಂಗಡಿಯೊಂದಕ್ಕೆ ಈಕೆ 1949ರಲ್ಲಿ ಪತ್ರ ಬರೆದು ಕೆಲವು ಗ್ರಂಥಗಳನ್ನು ಕೇಳುತ್ತಾಳೆ. ಅಂಗಡಿಯ ಫ್ರ್ಯಾಂಕ್ ಡೋಯೆಲ್ ಉತ್ತರ ಬರೆಯುತ್ತಾನೆ. ಮೊದಮೊದಲು ‘ಮೇಡಂ’ ಎಂದು ಒಕ್ಕಣಿಸುತ್ತಿದ್ದವನು ಕ್ರಮೇಣ ಹೆಸರು ಹಿಡಿದು ಬರೆಯುವಷ್ಟು ಹತ್ತಿರದವನಾಗುತ್ತಾನೆ. ಹೀಗೆ ಸುಮಾರು ಇಪ್ಪತ್ತು ವರ್ಷ. 1968ರ ಡಿಸೆಂಬರಿನಲ್ಲಿ ಡೋಯೆಲ್ ತೀರಿಕೊಂಡ. ಇಬ್ಬರೂ ಒಬ್ಬರನ್ನೊಬ್ಬರು ಕಾಣಲೇ ಇಲ್ಲ. ಪತ್ರಗಳು 1970ರಲ್ಲಿ ಪುಸ್ತಕವಾದವು. 1971ರಲ್ಲಿ ಆಕೆ ಕೊನೆಗೂ ಲಂಡನ್ನಿಗೆ ಹೋದಾಗ ಅಂಗಡಿಯೂ ಮುಚ್ಚಿಹೋಗಿತ್ತು.

ಹಾಗಾದರೆ ಭೇಟಿಯಿಲ್ಲದೆಯೂ ಸ್ನೇಹ ಪೂರ್ಣವಾಗಬಲ್ಲುದಲ್ಲವೆ ಎಂದು ಓದುಗರು ಕೇಳಬಹುದು. ಆಗಬಲ್ಲುದು. ಆದರೆ ಯಾವುದರಿಂದ ಆಯಿತೆಂಬುದನ್ನು ಗಮನಿಸಬೇಕು. ಆಗ ಇಂಗ್ಲೆಂಡಿನಲ್ಲಿ ಯುದ್ಧಾನಂತರದ ಪಡಿತರದ ಕಾಲ. ಮಾಂಸಕ್ಕೂ ಮೊಟ್ಟೆಗೂ ಅಲ್ಲಿಯವರು ಪಡುತ್ತಿದ್ದ ಪಾಡನ್ನು ತಿಳಿದ ಹ್ಯಾನ್ಫ್ ಅಂಗಡಿಯವರೆಲ್ಲರಿಗೂ ಆಹಾರದ ಕಟ್ಟುಗಳನ್ನು ಕಳುಹಿಸುತ್ತಾಳೆ. ಆ ಕಟ್ಟು ಬಂದ ಮೇಲೆ ಪತ್ರಗಳೊಳಕ್ಕೆ ಮನೆ, ಮಕ್ಕಳು, ಅಡಿಗೆ ಎಲ್ಲವೂ ಬರುತ್ತವೆ. ಬರೆಹದ ಹಿಂದಿರುವ ಮನುಷ್ಯನ ದಿನಚರಿ ಬರೆಹದಲ್ಲಿಯೇ ತೆರೆದುಕೊಂಡದ್ದರಿಂದ ಅಲ್ಲಿ ಭೇಟಿಯ ಕೆಲಸವನ್ನು ಪತ್ರವೇ ಮಾಡಿತು. ನಮ್ಮ ಇಂದಿನ ಬಳಗಗಳ ಬರೆಹದಲ್ಲಿ ಅಭಿಪ್ರಾಯ ಧಾರಾಳವಾಗಿದೆ, ದಿನಚರಿ ವಿರಳ. ಆದ್ದರಿಂದ ಭೇಟಿ ನಮಗೆ ಹೆಚ್ಚು ಅವಶ್ಯಕ.

ಅಧ್ಯಾಪಕರ ಮಟ್ಟಿಗಂತೂ ಇದು ನಿಜ. ಅಧ್ಯಾಪಕನದು ಒಂಟಿ ಕಸುಬು. ಕೊಠಡಿಯ ಬಾಗಿಲು ಮುಚ್ಚಿದ ಮೇಲೆ ಅವನ ಪಾಠವನ್ನು ನೋಡುವ ಸಮಾನಸ್ಕಂಧರು ಯಾರೂ ಇರುವುದಿಲ್ಲ. ಅಂಥವನಿಗೆ ತನ್ನಂತೆಯೇ ತೊಡಕು ಪಡುತ್ತಿರುವ ಇನ್ನೊಬ್ಬನು ದೂರದ ಊರಿನಿಂದ ಬರೆದರೆ ಜೀವ ಬಂದಂತಾಗುತ್ತದೆ. ಅಮೆರಿಕದಲ್ಲಿ ಇಂಥ ಬರೆಯುವ ಅಧ್ಯಾಪಕರು ಹಲವರಾದಾಗ, 2007ರ ಜೂನ್ ತಿಂಗಳಲ್ಲಿ, ಅಟ್ಲಾಂಟಾ ನಗರದಲ್ಲಿ ‘ನ್ಯಾಷನಲ್ ಎಜುಕೇಷನಲ್ ಕಂಪ್ಯೂಟಿಂಗ್ ಕಾನ್ಫರೆನ್ಸ್’ ಎಂಬ ದೊಡ್ಡ ಶಿಕ್ಷಣ ಸಮ್ಮೇಳನದ ಹಿಂದಿನ ದಿನ ಅವರು ಬೇರೆಯಾಗಿ ಕೂಡಿದರು. ಕರೆ ಕೊಟ್ಟವನು ಸ್ಟೀವ್ ಹಾರ್ಗಡನ್. ಭಾಷಣಗಳ ಪಟ್ಟಿ ಮೇಲಿನಿಂದ ಇಳಿದು ಬರಲಿಲ್ಲ. ಏನು ಮಾತಾಡಬೇಕೆಂಬುದನ್ನು ಬಂದವರೇ ಗೊತ್ತುಮಾಡಿಕೊಂಡರು. ವರ್ಷಗಟ್ಟಲೆ ಬರೆದು ಮಾತಾಡಿದವರಿಗೆ ವೇದಿಕೆಗಿಂತ ಎದುರುಬದುರು ಕುರ್ಚಿ ಬೇಕೆನಿಸುವುದು ಸಹಜ.

ಈ ಮಾತನ್ನು ದೂರದ ದೇಶದ ಉದಾಹರಣೆಯಿಂದ ಮಾತ್ರ ಹೇಳುತ್ತಿಲ್ಲ. ನಾನು ಸದಸ್ಯನಾಗಿರುವ ಕನ್ನಡ ಅಧ್ಯಾಪಕರ ವಾಟ್ಸ್ಯಾಪ್ ಬಳಗವೊಂದಿದೆ. ಪದವಿ ತರಗತಿಯಲ್ಲಿ ಹಳಗನ್ನಡ ಕಾವ್ಯವನ್ನು ಹೇಗೆ ಪಾಠಮಾಡಬೇಕೆಂಬ ಚರ್ಚೆ ಅಲ್ಲಿ ನಡೆದಿತ್ತು. ತಾಲ್ಲೂಕು ಕೇಂದ್ರದ ಹಿರಿಯ ಅಧ್ಯಾಪಕರೊಬ್ಬರು, ತಾವು ಮೊದಲು ಪದ್ಯಗಳ ಗದ್ಯಾನುವಾದವನ್ನೇ ಬರೆಯಿಸಿಬಿಡುತ್ತೇವೆಂದರು. ನಾನು, ‘ಇದು ಪಾಠವಲ್ಲ, ಪಲಾಯನ’ ಎಂದು ಬರೆದೆ. ಹಲವರು ಹೆಬ್ಬೆರಳೆತ್ತಿ ಭೇಷ್ ಎಂದರು, ನಾನೂ ಹಿಗ್ಗಿದೆ. ಎರಡು ತಿಂಗಳ ಮೇಲೆ ಪಠ್ಯಕ್ರಮವನ್ನು ಕುರಿತ ವಿಚಾರಸಂಕಿರಣವೊಂದಕ್ಕೆ ಹೋದಾಗ, ಊಟದ ಸಾಲಿನಲ್ಲಿ ಮುಂದೆ ನಿಂತಿದ್ದವರು ನನ್ನ ಎದೆಯ ಮೇಲಿನ ಚೀಟಿಯನ್ನು ಓದಿ, “ಓ, ನೀವೇನಾ ಸಾರ್!” ಎಂದು ನಕ್ಕರು. ಅವರೇ ಇವರು. ಜೊತೆಯಲ್ಲಿ ಕೂತು ಊಟಮಾಡಿದೆವು. ಅವರ ತರಗತಿಯಲ್ಲಿ ಎಂಬತ್ತು ಮಂದಿ. ಪಠ್ಯಪುಸ್ತಕ ತರುವವರು ಹದಿನೈದು. “ನೀವು ಬರೆದದ್ದು ಸರಿಯೇ ಸಾರ್. ಆದರೆ ಮೂರೂವರೆ ಬಸ್ಸು ತಪ್ಪಿದರೆ ನಮ್ಮ ಹುಡುಗಿಯರಿಗೆ ಬೇರೆ ಬಸ್ಸಿಲ್ಲ. ಇದ್ದಷ್ಟು ಹೊತ್ತಿನಲ್ಲಿ ಕಥೆಯಾದರೂ ಮನಸ್ಸಿನಲ್ಲಿ ಉಳಿಯಲಿ ಅಂತ” ಎಂದರು.

ನನ್ನ ಅಭಿಪ್ರಾಯ ಬದಲಾಗಲಿಲ್ಲ. ಪದ್ಯದ ನಾದ ಕಿವಿಗೆ ಬೀಳುವ ಮೊದಲೇ ಗದ್ಯವನ್ನು ಕೊಡುವುದು ಸರಿಯಲ್ಲವೆಂದು ಈಗಲೂ ನಂಬಿದ್ದೇನೆ. ಆದರೆ ‘ಪಲಾಯನ’ ಎಂಬ ಮಾತು ಸುಳ್ಳೆಂದು ಆ ಹೊತ್ತು ತಿಳಿಯಿತು. ಓಡಿಹೋಗುವವನು ಹಾಗೆ ಬಸ್ಸಿನ ವೇಳೆಯನ್ನು ಲೆಕ್ಕ ಹಾಕುವುದಿಲ್ಲ. ಅಂದು ರಾತ್ರಿ, ವಾದವನ್ನು ಉಳಿಸಿಕೊಂಡು ಆ ಒಂದು ಮಾತನ್ನು ಹಿಂತೆಗೆದುಕೊಂಡಿದ್ದೇನೆಂದು ಬಳಗಕ್ಕೆ ಮೂರು ಸಾಲು ಬರೆದೆ. ಹಿಂದೆ ಎದ್ದಿದ್ದ ಹೆಬ್ಬೆರಳುಗಳಲ್ಲಿ ಹೆಚ್ಚಿನವು ಈ ಸಲ ಏಳಲಿಲ್ಲ.

ಇಲ್ಲಿ ಒಂದು ಅಪಾಯವನ್ನೂ ಹೇಳದೆ ಬಿಡಲಾಗದು. ಮುಖ ಕಂಡ ಮೇಲೆ ದಾಕ್ಷಿಣ್ಯ ಹುಟ್ಟುತ್ತದೆ. ಜೊತೆಯಲ್ಲಿ ಉಂಡವರ ಪುಸ್ತಕದ ಮೇಲೆ ನಮ್ಮಲ್ಲಿ ಎಂಥ ವಿಮರ್ಶೆಗಳು ಬರುತ್ತವೆಂಬುದನ್ನು ಸಾಹಿತ್ಯ ಪುಟಗಳ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಕಾಣದೆ ಬರೆದಾಗ ನಾಲಗೆಗೆ ಹದವಿಲ್ಲ, ಕಂಡು ಬರೆದಾಗ ಬೆನ್ನುಮೂಳೆಯಿಲ್ಲ ಎಂಬಂತಾದರೆ ಭೇಟಿಯಿಂದ ಬಂದ ಲಾಭವೇನು? ಕವಿಯನ್ನು ಕಾಣಬಾರದೆನ್ನುವವರು ಮೂರ್ತಿ ಭಿನ್ನವಾದೀತೆಂದು ಅಂಜುತ್ತಾರೆ. ನನ್ನ ಅಂಜಿಕೆ ಬೇರೆ: ಕಂಡ ಮೇಲೆ ನನ್ನ ಮಾತೇ ಮೆತ್ತಗಾದೀತು ಎಂಬುದು.

ಆ ಹಿರಿಯರು ಮೊನ್ನೆ ಬಳಗದಲ್ಲಿ ಮತ್ತೊಂದು ಪಾಠಕ್ರಮವನ್ನು ಸೂಚಿಸಿದ್ದಾರೆ. ಅದೂ ನನಗೆ ಒಪ್ಪಿಗೆಯಾಗಿಲ್ಲ. ಒಪ್ಪಿಗೆಯಿಲ್ಲವೆಂದು ಬರೆದೆ, ಏಕೆಂಬುದಕ್ಕೆ ಕಾರಣ ಕೊಟ್ಟೆ. ಕಳುಹಿಸುವ ಮೊದಲು ಅವರ ಮೂರೂವರೆ ಬಸ್ಸನ್ನು ನೆನೆದು ಇನ್ನೊಮ್ಮೆ ಓದಿಕೊಂಡೆ.