ಹೋಲಿಕೆಯ ಗರಜು

ನಮ್ಮ ಮಕ್ಕಳು ಎಂಟನೇ ತರಗತಿಯ ಆಸುಪಾಸಿನಲ್ಲಿ ಅಲಂಕಾರಗಳೆಂಬ ಪಾಠಕ್ಕೆ ಬರುತ್ತಾರೆ. ಮೊದಲು ಲಕ್ಷಣ, ನಂತರ ಉದಾಹರಣೆ, ಕೊನೆಗೆ ಸಮನ್ವಯ. ಉಪಮೇಯ ಮುಖ, ಉಪಮಾನ ಕಮಲ, ಉಪಮಾವಾಚಕ 'ಅಂತೆ', ಸಮಾನಧರ್ಮ ಅರಳುವುದು. ಆದ್ದರಿಂದ ಇದು ಉಪಮಾಲಂಕಾರ. ಇಷ್ಟು ಬರೆದರೆ ಪೂರ್ತಿ ಅಂಕ. ಕಮಲ ಅರಳುವುದನ್ನು ಮಗು ಕಂಡಿದೆಯೇ, ಮುಖ ಅರಳುವುದೆಂದರೆ ಏನೆಂದು ಅದಕ್ಕೆ ಹೊಳೆದಿದೆಯೇ ಎಂದು ಯಾರೂ ಕೇಳುವುದಿಲ್ಲ. ಲಕ್ಷ್ಮೀಶ ಉಪಮಾಲೋಲ, ಕುಮಾರವ್ಯಾಸ ರೂಪಕ ಸಾಮ್ರಾಜ್ಯ ಚಕ್ರವರ್ತಿ ಎಂದು ಬಿಟ್ಟ ಸ್ಥಳ ತುಂಬಿದ ಮಗು, ಅವರ ಒಂದು ಹೋಲಿಕೆಯನ್ನೂ ಸವಿಯದೆ ಮುಂದಿನ ತರಗತಿಗೆ ಹೋಗಿಬಿಡುತ್ತದೆ.

ಅಲಂಕಾರಶಾಸ್ತ್ರ ನಮ್ಮಲ್ಲಿ ಹಳೆಯದು. ಕನ್ನಡದಲ್ಲಿ ದೊರೆತಿರುವ ಮೊದಲ ಗ್ರಂಥವಾದ, 9ನೇ ಶತಮಾನದ 'ಕವಿರಾಜಮಾರ್ಗ'ದ ಮೂರು ಪರಿಚ್ಛೇದಗಳಲ್ಲಿ ಎರಡು ಅಲಂಕಾರಕ್ಕೇ ಮೀಸಲು. ಆದರೆ ಅದು ಕಾವ್ಯ ಬರೆಯಹೊರಟವರಿಗಾಗಿ ಮಾಡಿದ ಕೈಪಿಡಿ. ಬರೆಯುವವನಿಗೆ ಉಪಕರಣವಾಗಿದ್ದುದು ಓದುವ ಮಗುವಿನ ಕೈಗೆ ಬರುವಾಗ ಬರೀ ಹೆಸರುಗಳ ಪಟ್ಟಿಯಾಗಿದೆ. 'ಅಲಂಕಾರ' ಎಂಬ ಪದವೂ ದಾರಿ ತಪ್ಪಿಸುತ್ತದೆ. ಮದುವೆಯ ದಿನ ತೊಟ್ಟು ಮರುದಿನ ಪೆಟ್ಟಿಗೆಯಲ್ಲಿಡುವ ಒಡವೆಯಂತೆ, ಇದ್ದರೆ ಚೆಂದ, ಇಲ್ಲದಿದ್ದರೂ ನಡೆಯುತ್ತದೆ ಎಂಬ ಭಾವನೆ ಹುಟ್ಟಿಸುತ್ತದೆ.

ನಿಜವಾಗಿ ನೋಡಿದರೆ ಮಗು ಮಾತು ಕಲಿತಂದಿನಿಂದ ಅಲಂಕಾರದಲ್ಲೇ ಮಾತಾಡುತ್ತಿರುತ್ತದೆ. ಮಲ್ಲಿಗೆಯಂಥ ಇಡ್ಲಿ ಎಂಬಲ್ಲಿ ಉಪಮೆ ಇದೆ. 'ನಿನಗೆ ಸಾವಿರ ಸಲ ಹೇಳಿದ್ದೇನೆ' ಎಂಬ ಅಮ್ಮನ ಮಾತು ಅತಿಶಯೋಕ್ತಿ. ಉರ್ದುವಿನಲ್ಲಿ ಇದಕ್ಕೆ ಮುಬಾಲಿಗಾ ಎಂಬ ಹೆಸರು. ಬಸ್ಸು ಕೆಮ್ಮುತ್ತಾ ದಿಬ್ಬ ಏರಿತು ಎಂದಾಗ ಜಡವಸ್ತುವಿಗೆ ಜೀವ ಬರುತ್ತದೆ. ಹೊತ್ತುಮೀರಿ ಮನೆಗೆ ಬಂದ ಮಗನಿಗೆ 'ಬಂದಿರಾ ಸಾಹುಕಾರರೇ, ಬಹಳ ಬೇಗ ಬಂದಿರಿ' ಎಂದರೆ ಅದು ಹೊಗಳಿಕೆಯ ವೇಷ ತೊಟ್ಟ ಬೈಗುಳ. ಶಾಸ್ತ್ರಕಾರರ ವ್ಯಾಜಸ್ತುತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? 'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆ ನಾಲಿಗೆಯ ಮೇಲೆ ಉಳಿದಿರುವುದಕ್ಕೆ ಅದರ ಪ್ರಾಸವೂ ಕಾರಣ. ಪಾಠ ಇಲ್ಲಿಂದ ಶುರುವಾಗಬೇಕು. ಮಗು ತನ್ನ ಮನೆಯ ಮಾತಿನಿಂದ ಹತ್ತು ಉದಾಹರಣೆ ತಂದ ಮೇಲೆ ಹೆಸರು ಹೇಳಿಕೊಟ್ಟರೆ ಆ ಹೆಸರು ಮರೆಯುವುದಿಲ್ಲ.

ಆದರೆ ಗುರುತಿಸುವುದಷ್ಟೇ ಸಾಲದು. ಉರ್ದು, ಕನ್ನಡ ಎರಡರಲ್ಲೂ ಓದಿದ ನಮಗೆ ಈ ಪಾಠ ಎರಡು ಸಲ ಸಿಕ್ಕಿತು. ನಮ್ಮ ಉಪಮೆ ಅಲ್ಲಿ ತಶ್ಬೀಹ್. ರೂಪಕಕ್ಕೆ ಹತ್ತಿರವಾದದ್ದು ಇಸ್ತಿಆರಾ. ತಶ್ಬೀಹ್‌ಗೂ ಕನ್ನಡದ ಉಪಮೆಗಿರುವ ನಾಲ್ಕು ಅಂಗಗಳಿವೆ. ಆದರೆ ಉರ್ದುವಿನ ಅನೇಕ ವ್ಯಾಕರಣ ಪುಸ್ತಕಗಳು ಐದನೆಯದೊಂದನ್ನು ಸೇರಿಸುತ್ತವೆ: ಗರಜೆ ತಶ್ಬೀಹ್. ಅಂದರೆ ಹೋಲಿಸಿದವನ ಉದ್ದೇಶ. ಈ ಗರಜು ಕನ್ನಡಕ್ಕೂ ಬಂದು ನಮ್ಮದೇ ಆಗಿರುವ ಪದ. ಈ ಹೋಲಿಕೆಯ ಗರಜೇನು? ಯಾರು, ಯಾರನ್ನು, ಯಾವುದಕ್ಕೆ, ಯಾಕಾಗಿ ಹೋಲಿಸಿದರು? ನಮ್ಮ ಸಮನ್ವಯದಲ್ಲಿ ಈ ಪ್ರಶ್ನೆಗೆ ಜಾಗವಿಲ್ಲ.

ರೂಪಕದ ಮುಂದೆ ನಿಂತಾಗ ಇದರ ಬೆಲೆ ತಿಳಿಯುತ್ತದೆ. ಉಪಮೆಯಲ್ಲಿ 'ಅಂತೆ' ಎಂಬ ಸಣ್ಣ ಪದ ಕಾವಲು ನಿಂತಿರುತ್ತದೆ. ಇದು ಹೋಲಿಕೆ ಮಾತ್ರ, ಎರಡೂ ಒಂದೇ ಅಲ್ಲ ಎಂದು ಎಚ್ಚರಿಸುತ್ತದೆ. ರೂಪಕದಲ್ಲಿ ಆ ಕಾವಲಿಲ್ಲ. ಕವಿಯ ಕೈಯಲ್ಲಿ ಅದೇ ಅದರ ಶಕ್ತಿ. ಕೆ.ಎಸ್. ನಿಸಾರ್ ಅಹಮದ್ (1936-2020) ಅವರ 'ಕುರಿಗಳು, ಸಾರ್, ಕುರಿಗಳು' ಕವಿತೆಯನ್ನು ನೋಡಿ. ಜನರನ್ನು ಕುರಿಗಳೆಂದರೂ ಓದುಗನಿಗೆ ಅವಮಾನವಾಗುವುದಿಲ್ಲ, ನಗು ಬರುತ್ತದೆ, ನಗುತ್ತಲೇ ಚುಚ್ಚುತ್ತದೆ. ಯಾಕೆಂದರೆ ಕವಿ ಬೇಲಿಯಾಚೆ ನಿಂತು ಬೆರಳು ತೋರಿಸುತ್ತಿಲ್ಲ, ತಾನೂ ಮಂದೆಯೊಳಗೇ ಇದ್ದಾನೆ. ಕುರಿತನದಿಂದ ನಮ್ಮನ್ನು ಎಬ್ಬಿಸುವುದೇ ಅಲ್ಲಿಯ ಗರಜು.

ಮನುಷ್ಯರನ್ನು ಪ್ರಾಣಿಗಳೆನ್ನುವ ರೂಪಕ ಇನ್ನೊಂದು ಗರಜಿಗೂ ಬಳಕೆಯಾದದ್ದಿದೆ. 1994ರಲ್ಲಿ ಆಫ್ರಿಕದ ರುವಾಂಡದಲ್ಲಿ ಒಂದು ರೇಡಿಯೊ ಕೇಂದ್ರ ಟುಟ್ಸಿ ಜನರನ್ನು 'ಇನ್ಯೆಂಜಿ' ಎಂದು ಕರೆಯುತ್ತಿತ್ತು. ಅಲ್ಲಿಯ ಭಾಷೆಯಲ್ಲಿ ಹಾಗೆಂದರೆ ಜಿರಲೆ. ಜಿರಲೆಯನ್ನು ಕಂಡರೆ ಏನು ಮಾಡಬೇಕೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸುಮಾರು 100 ದಿನಗಳಲ್ಲಿ ಲಕ್ಷಾಂತರ ಜನ ಹತರಾದರು. ಆ ರೇಡಿಯೊದ ಸ್ಥಾಪಕರಲ್ಲಿ ಇಬ್ಬರಿಗೆ ಅಂತರರಾಷ್ಟ್ರೀಯ ನ್ಯಾಯಮಂಡಳಿ 2003ರಲ್ಲಿ ಶಿಕ್ಷೆ ವಿಧಿಸಿತು. ಕೊಂದದ್ದು ಮಚ್ಚುಗಳು, ನಿಜ. ಆದರೆ ಮಚ್ಚು ಎತ್ತುವ ಮುಂಚೆ ನೆರೆಯವನು ಮನುಷ್ಯನೆಂಬುದನ್ನು ಮರೆಸಬೇಕಿತ್ತು. ಆ ಕೆಲಸವನ್ನು ರೂಪಕ ಮಾಡಿತು.

ಹದಿಮೂರು ವರ್ಷದ ಮಗುವಿಗೆ ಇದೆಲ್ಲ ಭಾರವಾಗದೇ ಎನ್ನಬಹುದು. ರುವಾಂಡದ ಕಥೆ ಆ ವಯಸ್ಸಿಗೆ ಬೇಡ. ಆದರೆ ಆಟದ ಬಯಲಿನಲ್ಲಿ ಒಬ್ಬ ಇನ್ನೊಬ್ಬನನ್ನು 'ಹಂದಿ' ಎಂದು ಕರೆಯುವುದನ್ನೂ, ಚುನಾವಣೆಯ ಧ್ವನಿವರ್ಧಕ ತನ್ನ ನಾಯಕನನ್ನು 'ಹುಲಿ' ಎನ್ನುವುದನ್ನೂ ಆ ಮಗು ದಿನವೂ ಕೇಳುತ್ತಿದೆ. ಅಲ್ಲಿ ಬಿಟ್ಟುಹೋದ 'ಅಂತೆ'ಯನ್ನು ಮತ್ತೆ ಸೇರಿಸಿ ನೋಡಲು ಕಲಿಸಬಹುದು. ಹುಲಿಯಂತೆ ಎಂದರೆ ಯಾವ ಗುಣದಲ್ಲಿ? ಹುಲಿಗೂ ಆತನಿಗೂ ಹೋಲದ ಗುಣಗಳೆಷ್ಟು? ಹೀಗೆ ಹೇಳುವುದರಿಂದ ಯಾರಿಗೆ ಲಾಭ?

ಇದಕ್ಕೆ ಹೊಸ ಪಠ್ಯಪುಸ್ತಕವೇನೂ ಬೇಕಾಗಿಲ್ಲ. ಕನ್ನಡ ಮೇಷ್ಟ್ರು ಕಪ್ಪುಹಲಗೆಯ ಮೇಲೆ ಸಮನ್ವಯದ ನಾಲ್ಕು ಸಾಲುಗಳ ಕೆಳಗೆ ಐದನೆಯದಾಗಿ 'ಗರಜು' ಎಂದು ಬರೆದು, ಮಕ್ಕಳು ಉತ್ತರಿಸುವವರೆಗೂ ಕಾದರೆ ಸಾಕು. ಅದಕ್ಕೆ ಪರೀಕ್ಷೆಯಲ್ಲಿ ಅಂಕ ಸಿಗಲಾರದು. ಆದರೂ ಬರೆಯಿಸಬೇಕು.